ಪ್ಯಾರಿಸಿನ ಒಂದು ಹಳೆಯ ಮನೆ: ಓತೆಲ್ ದ ಸುಲ್ಲಿಯ ಸಂರಕ್ಷಣೆಯ ಇತಿಹಾಸ

ಪ್ರಾಚೀನ ಕಟ್ಟಡಗಳ ಸಂರಕ್ಷಣೆಯ ಮಾತು ಬಂದಾಗ ನಮ್ಮ ದೃಷ್ಟಿ ಸಾಮಾನ್ಯವಾಗಿ ದೇವಾಲಯ, ಕೋಟೆ, ಅರಮನೆಗಳ ಕಡೆಗೆ ಹರಿಯುತ್ತದೆ. ಇವು ತಮ್ಮ ಗಾತ್ರದಿಂದಲೂ ಜನರ ಶ್ರದ್ಧೆಯಿಂದಲೂ ಒಂದು ಮಟ್ಟಿಗೆ ತಮ್ಮನ್ನು ತಾವೇ ಕಾಪಾಡಿಕೊಳ್ಳಬಲ್ಲವು. ಪಟ್ಟಣದ ನಡುವೆ, ಬೀದಿಯ ಸಾಲಿನಲ್ಲಿ ನಿಂತ ಒಂದು ಮನೆಯ ಪಾಡು ಹಾಗಲ್ಲ. ಅದಕ್ಕೆ ಒಡೆಯನುಂಟು, ಬಾಡಿಗೆದಾರರುಂಟು. ಅದು ನಿಂತ ನೆಲಕ್ಕೆ ವರ್ಷದಿಂದ ವರ್ಷಕ್ಕೆ ಏರುವ ಬೆಲೆಯುಂಟು. ಬೀದಿ ಅಗಲವಾಗಬೇಕೆಂದರೆ ಮೊದಲು ಬೀಳುವುದು ಮನೆಯೇ. ಹೊಸ ಮಹಡಿ ಏಳಬೇಕೆಂದರೆ ಅಡ್ಡವಾಗುವುದೂ ಮನೆಯೇ. ಆದುದರಿಂದ ಬೆಳೆಯುತ್ತಿರುವ ಮಹಾನಗರವೊಂದರಲ್ಲಿ ಒಂದು ಹಳೆಯ ಮನೆ ನಾಲ್ಕು ಶತಮಾನಗಳ ಕಾಲ ಉಳಿದಿದ್ದರೆ ಅದು ಹೇಗೆ ಉಳಿಯಿತು ಎಂಬುದು ಇತಿಹಾಸಕಾರನು ಕೇಳಲೇಬೇಕಾದ ಪ್ರಶ್ನೆ. ಅದನ್ನು ಉಳಿಸಲು ಯಾರು ಏನನ್ನು ಕಳೆದುಕೊಂಡರು ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ.

ಈ ಎರಡು ಪ್ರಶ್ನೆಗಳನ್ನು ಪ್ಯಾರಿಸ್ ನಗರದ ಮಾರೆ ಎಂಬ ಭಾಗದಲ್ಲಿರುವ ಓತೆಲ್ ದ ಸುಲ್ಲಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲಿಗೆ ಪದದ ವಿಷಯವಾಗಿ ಒಂದು ಮಾತು. ನಮ್ಮಲ್ಲಿ ಹೋಟೆಲು ಎಂದರೆ ಊಟ ತಿಂಡಿಯ ಸ್ಥಳ, ಇಲ್ಲವೆ ವಸತಿಗೃಹ. ಫ್ರೆಂಚರಲ್ಲಿ ‘ಓತೆಲ್’ ಎಂಬ ಇದೇ ಶಬ್ದಕ್ಕೆ ಇನ್ನೊಂದು ಹಳೆಯ ಅರ್ಥವುಂಟು: ಶ್ರೀಮಂತನೊಬ್ಬನು ನಗರದಲ್ಲಿ ತನ್ನ ಸಂಸಾರಕ್ಕೂ ಪರಿವಾರಕ್ಕೂ ಕಟ್ಟಿಸಿಕೊಂಡ ಸ್ವಂತ ಮನೆ. ಈ ಲೇಖನದಲ್ಲಿ ಓತೆಲ್ ಎಂಬುದನ್ನು ಈ ಅರ್ಥದಲ್ಲಿಯೇ ಬಳಸಿದ್ದೇವೆ.

1. ಮಾರೆ ಪ್ರದೇಶ ಮತ್ತು ಓತೆಲಿನ ರಚನೆ

ಮಾರೆ ಎಂದರೆ ಜವುಗು ನೆಲ. ಸೇನ್ ನದಿಯ ಬಲದಂಡೆಯ ಈ ತಗ್ಗು ಪ್ರದೇಶ ಮಧ್ಯಯುಗದಲ್ಲಿ ಕ್ರಮವಾಗಿ ಸಾಗುವಳಿಗೆ ಬಂದು, ಅನಂತರ ವಸತಿಯ ನೆಲವಾಯಿತು. ಅದಕ್ಕೆ ನಿಜವಾದ ವೈಭವ ಬಂದುದು ನಾಲ್ಕನೆಯ ಹೆನ್ರಿಯ ಕಾಲದಲ್ಲಿ. ಅವನು 1605ರಲ್ಲಿ ಇಲ್ಲಿ ಒಂದು ರಾಜಚೌಕವನ್ನು ಕಟ್ಟಿಸಲು ಆರಂಭಿಸಿದನು. ಇಟ್ಟಿಗೆ ಮತ್ತು ಬಿಳಿಗಲ್ಲಿನ ಏಕರೂಪದ 36 ಮನೆಗಳು ನಾಲ್ಕು ಕಡೆಯಿಂದಲೂ ಸುತ್ತುವರಿದ ಈ ಚೌಕ 1612ರಲ್ಲಿ ಮಹೋತ್ಸವದೊಡನೆ ತೆರೆಯಲ್ಪಟ್ಟಿತು. ಇಂದು ಪ್ಲಾಸ್ ದೆ ವೋಜ್ ಎಂದು ಹೆಸರಾದುದು ಇದೇ. ಚೌಕದ ಸುತ್ತಲಿನ ಬೀದಿಗಳಲ್ಲಿ ಸರದಾರರೂ ನ್ಯಾಯಾಧೀಶರೂ ತೆರಿಗೆಯ ಗುತ್ತಿಗೆದಾರರೂ ಪೈಪೋಟಿಯಿಂದ ಮನೆಗಳನ್ನು ಕಟ್ಟಿಸಿದರು.

ಈ ಮನೆಗಳ ರಚನೆಯಲ್ಲಿ ಒಂದು ನಿಯಮವನ್ನು ಕಾಣಬಹುದು. ಬೀದಿಯ ಕಡೆಗೆ ಎತ್ತರವಾದ ಗೋಡೆ, ಅದರಲ್ಲಿ ಸಾರೋಟು ಹಾಯುವಷ್ಟು ದೊಡ್ಡದಾದ ಹೆಬ್ಬಾಗಿಲು. ಒಳಗೆ ಕಲ್ಲುಹಾಸಿನ ಅಂಗಳ. ಎರಡು ಪಕ್ಕಗಳಲ್ಲಿ ಅಡುಗೆಮನೆ, ಕುದುರೆಲಾಯ, ಆಳುಗಳ ಕೋಣೆಗಳು. ಅಂಗಳದ ಎದುರಿಗೆ ಒಡೆಯನ ವಾಸದ ಮುಖ್ಯ ಕಟ್ಟಡ. ಅದರ ಹಿಂದೆ ತೋಟ. ಅಂಗಳಕ್ಕೂ ತೋಟಕ್ಕೂ ನಡುವಿನ ಮನೆ ಎಂದು ಫ್ರೆಂಚರು ಇದನ್ನು ವರ್ಣಿಸುತ್ತಾರೆ. ನಮ್ಮ ತೊಟ್ಟಿಮನೆಯಲ್ಲಿ ಅಂಗಳವು ಮನೆಯ ಹೃದಯ. ಸಂಸಾರದ ಕೆಲಸಕಾರ್ಯಗಳೆಲ್ಲ ಅದರ ಸುತ್ತ ನಡೆಯುತ್ತವೆ. ಓತೆಲಿನ ಅಂಗಳವಾದರೋ ಬರುವವರನ್ನು ಅವರವರ ಅಂತಸ್ತಿಗೆ ತಕ್ಕಂತೆ ಬರಮಾಡಿಕೊಳ್ಳುವ ಮತ್ತು ಬೀದಿಯ ಗದ್ದಲವನ್ನು ಮನೆಯಿಂದ ದೂರವಿಡುವ ಸ್ಥಳ. ಈ ಭೇದವನ್ನು ನೆನಪಿಟ್ಟರೆ ಮುಂದೆ ಇದೇ ಅಂಗಳಕ್ಕೆ ಒದಗಿದ ಗತಿ ನಮಗೆ ಚೆನ್ನಾಗಿ ತಿಳಿಯುತ್ತದೆ.

2. ಮನೆಯೂ ಅದರ ಒಡೆಯರೂ

ಓತೆಲ್ ದ ಸುಲ್ಲಿಯನ್ನು ಕಟ್ಟಿಸಿದವನು ಸುಲ್ಲಿಯಲ್ಲ. ಮೆಸ್ಮ್ ಗಾಲೆ ಎಂಬ ಹಣಕಾಸಿನ ಅಧಿಕಾರಿಯೊಬ್ಬನು ಸೇಂಟ್ ಆಂತ್ವಾನ್ ಬೀದಿಯಲ್ಲಿ 1620ರ ದಶಕದ ನಡುವಿನಲ್ಲಿ ಇದನ್ನು ಆರಂಭಿಸಿದನು. ಇದರ ವಿನ್ಯಾಸವನ್ನು ವಿದ್ವಾಂಸರು ಜಾನ್ ಆಂದ್ರೂಯೆ ದ್ಯು ಸೆರ್ಸೋ ಎಂಬ ವಾಸ್ತುಶಿಲ್ಪಿಗೆ ಸಲ್ಲಿಸುತ್ತಾರೆ. ಕಟ್ಟಡ ಮುಗಿಯುವ ಹೊತ್ತಿಗೆ ಗಾಲೆಯ ಐಶ್ವರ್ಯವೂ ಮುಗಿದಿದ್ದಿತು. 1634ರಲ್ಲಿ ಮನೆಯನ್ನು ಕೊಂಡವನು ಸುಲ್ಲಿಯ ಡ್ಯೂಕ್ ಮಾಕ್ಸಿಮಿಲಿಯನ್ ದ ಬೆತ್ಯೂನ್. ಅಂತರ್ಯುದ್ಧಗಳಿಂದ ಬರಿದಾಗಿದ್ದ ಫ್ರಾನ್ಸಿನ ಬೊಕ್ಕಸವನ್ನು ಮತ್ತೆ ತುಂಬಿಸಿದ, ಒಕ್ಕಲುತನವನ್ನು ರಾಜ್ಯದ ಜೀವಾಳವೆಂದು ತಿಳಿದಿದ್ದ ಆ ಮಂತ್ರಿಯನ್ನು ಐರೋಪ್ಯ ಇತಿಹಾಸದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. 1610ರಲ್ಲಿ ನಾಲ್ಕನೆಯ ಹೆನ್ರಿಯು ಕೊಲೆಯಾದ ಮರುವರ್ಷವೇ ಅವನು ಅಧಿಕಾರದಿಂದ ಹಿಂದೆ ಸರಿದಿದ್ದನು. ಮನೆಯನ್ನು ಕೊಂಡಾಗ ಅವನಿಗೆ 74 ವರ್ಷ. 1641ರಲ್ಲಿ ಅವನು ತೀರಿಕೊಂಡನು. ಹೀಗೆ ಯಾರ ಹೆಸರಿನಿಂದ ಮನೆ ಪ್ರಖ್ಯಾತವಾಗಿದೆಯೋ ಅವನು ಅದರ ಒಡೆಯನಾಗಿದ್ದುದು ಏಳು ವರ್ಷ ಮಾತ್ರ. ಆದರೂ ಅವನ ವಂಶದವರು ಹದಿನೆಂಟನೆಯ ಶತಮಾನದ ನಡುವಿನವರೆಗೂ ಅದನ್ನು ಉಳಿಸಿಕೊಂಡರು. 1661ರ ಸುಮಾರಿನಲ್ಲಿ ಎರಡನೆಯ ಡ್ಯೂಕನು ಫ್ರಾನ್ಸ್ವಾ ಲ ವೋ ಎಂಬ ವಾಸ್ತುಶಿಲ್ಪಿಯಿಂದ ತೋಟದ ಕಡೆಗೆ ಹೊಸ ಪಾರ್ಶ್ವವೊಂದನ್ನು ಸೇರಿಸಿದನು. ಡಚೆಸ್ಸಳ ಕೋಣೆಗಳನ್ನು ವರ್ಣಚಿತ್ರಗಳಿಂದ ಅಲಂಕರಿಸಿದನು.

ಅಂಗಳದ ಗೋಡೆಗಳಲ್ಲಿ ಕೆತ್ತಿರುವ ಶಿಲ್ಪಗಳು ಈ ಮನೆಯ ವಿಶೇಷ. ಎರಡು ಪಕ್ಕಗಳಲ್ಲಿ ಗಾಳಿ, ಬೆಂಕಿ, ಮಣ್ಣು, ನೀರು ಎಂಬ ನಾಲ್ಕು ಭೂತಗಳು. ಎದುರಿನ ಮುಖ್ಯ ಕಟ್ಟಡದ ಮೇಲೆ ಶರತ್ತು ಮತ್ತು ಶಿಶಿರ. ತೋಟದ ಕಡೆಯ ಮುಖದಲ್ಲಿ ವಸಂತ ಮತ್ತು ಗ್ರೀಷ್ಮ. ಕಲ್ಲಿನ ಅಂಗಳದಲ್ಲಿ ನಿಂತವನಿಗೆ ಚಳಿಗಾಲವನ್ನೂ ಹಸುರಿನ ನಡುವೆ ನಿಂತವನಿಗೆ ವಸಂತವನ್ನೂ ತೋರಿಸಿದ ಶಿಲ್ಪಿಯ ಔಚಿತ್ಯಪ್ರಜ್ಞೆ ಮೆಚ್ಚತಕ್ಕದ್ದು. ತೋಟದ ತುದಿಯಲ್ಲಿರುವ ಚಿಕ್ಕ ಕಟ್ಟಡದ ಮೂಲಕ ನೇರವಾಗಿ ರಾಜಚೌಕಕ್ಕೆ ಹೋಗಲು ದಾರಿಯುಂಟು.

ಈ ಮನೆಯ ಬಾಗಿಲಲ್ಲಿ ನಡೆದ ಒಂದು ಘಟನೆ ಯೂರೋಪಿನ ಚಿಂತನೆಯ ಇತಿಹಾಸಕ್ಕೇ ಸಂಬಂಧಿಸಿದೆ. 1726ರ ಆರಂಭದಲ್ಲಿ ಯುವಕವಿ ವಾಲ್ಟೇರನು ಡ್ಯೂಕನ ಮನೆಯಲ್ಲಿ ಊಟಕ್ಕೆ ಕುಳಿತಿದ್ದನು. ಯಾರೋ ಕರೆಯುತ್ತಿದ್ದಾರೆಂದು ಸುದ್ದಿ ಬರಲು ಅವನು ಹೊರಗೆ ಬಂದನು. ಹಿಂದೆ ಅವನೊಡನೆ ಮಾತಿಗೆ ಮಾತು ಬೆಳೆಸಿದ್ದ ರೋಹಾನ್ ವಂಶದ ಸರದಾರನೊಬ್ಬನ ಆಳುಗಳು ಅಲ್ಲಿಯೇ ಅವನನ್ನು ಹೊಡೆದರು. ಒಳಗೆ ಬಂದು ಡ್ಯೂಕನ ನೆರವನ್ನು ಕೇಳಿದ ವಾಲ್ಟೇರನಿಗೆ ನೆರವು ದೊರೆಯಲಿಲ್ಲ. ಕವಿಯೊಬ್ಬನಿಗಾಗಿ ತನ್ನ ಅಂತಸ್ತಿನವನನ್ನು ಎದುರು ಹಾಕಿಕೊಳ್ಳಲು ಆತಿಥೇಯನು ಸಿದ್ಧನಿರಲಿಲ್ಲ. ದ್ವಂದ್ವಯುದ್ಧಕ್ಕೆ ಕರೆಯಲು ಹೊರಟ ವಾಲ್ಟೇರನು ಬಾಸ್ತೀಯ್ ಸೆರೆಮನೆ ಸೇರಿ, ಅಲ್ಲಿಂದ ಇಂಗ್ಲೆಂಡಿಗೆ ಹೋಗಬೇಕಾಯಿತು. ಆ ಪ್ರವಾಸದ ಫಲವಾಗಿಯೇ ಇಂಗ್ಲಿಷರ ಸ್ವಾತಂತ್ರ್ಯ ಮತ್ತು ಧಾರ್ಮಿಕ ಸಹನೆಗಳನ್ನು ಹೊಗಳಿದ ಅವನ ಪತ್ರಗಳ ಗ್ರಂಥ 1734ರಲ್ಲಿ ಫ್ರಾನ್ಸಿನಲ್ಲಿ ಹೊರಬಂದು ಕೋಲಾಹಲವೆಬ್ಬಿಸಿತು. ಹಳೆಯ ಮನೆಯನ್ನು ಏಕೆ ಉಳಿಸಬೇಕೆಂದು ಕೇಳುವವರಿಗೆ ಇದೊಂದು ಉತ್ತರ. ಊಟದ ಕೋಣೆಗೂ ಬೀದಿಯ ಬಾಗಿಲಿಗೂ ನಡುವಿನ ಅಂಗಳವನ್ನು ಕಣ್ಣಾರೆ ಕಂಡವನಿಗೆ ಅಂದಿನ ಸಮಾಜದಲ್ಲಿ ಪ್ರತಿಭೆಗೂ ಕುಲಕ್ಕೂ ಇದ್ದ ಅಂತರ ಎಷ್ಟೆಂಬುದು ಪುಸ್ತಕದ ವಿವರಣೆಯಿಲ್ಲದೆ ಮನದಟ್ಟಾಗುತ್ತದೆ.

3. ಬಡತನವು ಕಾಪಾಡಿದ ಮನೆ

1682ರಲ್ಲಿ ಹದಿನಾಲ್ಕನೆಯ ಲೂಯಿಯು ತನ್ನ ಆಸ್ಥಾನವನ್ನು ವರ್ಸೈಲ್ಸಿನಲ್ಲಿ ನೆಲೆಗೊಳಿಸಿದನು. ಅಲ್ಲಿಂದ ಶ್ರೀಮಂತರ ಒಲವು ನಗರದ ಪಶ್ಚಿಮ ಭಾಗಗಳಿಗೆ, ಮುಖ್ಯವಾಗಿ ನದಿಯ ಎಡದಂಡೆಯ ಸೇಂಟ್ ಜರ್ಮೇನ್ ಬಡಾವಣೆಗೆ ತಿರುಗಿತು. ಮಾರೆ ಮೆಲ್ಲಮೆಲ್ಲನೆ ಹಳೆಯ ಕಾಲದವರ ಕೇರಿಯಾಯಿತು. 1789ರ ಮಹಾಕ್ರಾಂತಿ ಉಳಿದ ಶ್ರೀಮಂತರನ್ನೂ ಚದುರಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಓತೆಲುಗಳು ವಿಭಾಗಗೊಂಡು ಬಾಡಿಗೆಯ ಮನೆಗಳಾದವು, ಕಾರ್ಖಾನೆಗಳಾದವು, ಉಗ್ರಾಣಗಳಾದವು. ಐವತ್ತು ಜನ ಪರಿವಾರದೊಡನೆ ಒಂದು ಸಂಸಾರ ವಾಸಿಸಿದ್ದ ಕಟ್ಟಡದಲ್ಲಿ ಈಗ ಹತ್ತಾರು ಕಸಬಿನವರ ಸಂಸಾರಗಳು ನೆಲೆಸಿದವು. ಮಹಾದ್ವಾರದ ಒಳಗಿನ ಅಂಗಳಗಳಲ್ಲಿ ಗಾಜಿನ ಮಾಡು ಹೊದಿಸಿದ ಕಮ್ಮಟಗಳು ಎದ್ದವು. ಆಭರಣ ಮಾಡುವವರು, ಕಂಚುಗಾರರು, ಚರ್ಮದ ಕೆಲಸದವರು, ಟೋಪಿ ಹೊಲಿಯುವವರು ಅಲ್ಲಿ ದುಡಿದರು. ಶತಮಾನದ ಕೊನೆಯಲ್ಲಿ ಪೂರ್ವ ಯೂರೋಪಿನಿಂದ ಓಡಿಬಂದ ಯಹೂದ್ಯರು ರೋಸಿಯೇ ಬೀದಿಯ ಸುತ್ತಮುತ್ತ ನೆಲೆಯೂರಿದರು.

ಓತೆಲ್ ದ ಸುಲ್ಲಿಯೂ ಇದೇ ದಾರಿಯನ್ನು ಹಿಡಿಯಿತು. ಹದಿನೆಂಟನೆಯ ಶತಮಾನದಲ್ಲಿಯೇ ಸುಲ್ಲಿ ವಂಶದ ಕೈಬಿಟ್ಟ ಅದು ಕೆಲಕಾಲ ಟರ್ಗೋ ಮನೆತನದವರ ಸ್ವತ್ತಾಗಿದ್ದಿತು. ಅನಂತರ ಬಾಡಿಗೆಗೆಂದೇ ಇಟ್ಟ ಕಟ್ಟಡವಾಗಿ, ಬೀದಿಯ ಕಡೆಗೆ ಅಂಗಡಿಗಳಾದವು. ಹೆಬ್ಬಾಗಿಲಿನ ಎರಡು ಪಕ್ಕದ ಕಟ್ಟಡಗಳ ನಡುವಣ ತೆರವನ್ನು ಹೊಸ ಕಟ್ಟಡದಿಂದ ಮುಚ್ಚಲಾಯಿತು.

ಈ ಕಾಲವನ್ನು ಅನೇಕರು ಅವನತಿಯ ಕಾಲವೆಂದು ಬಣ್ಣಿಸಿದ್ದಾರೆ. ಒಂದರ್ಥದಲ್ಲಿ ಅದು ನಿಜ. ಆದರೆ ಇಲ್ಲಿ ನಾವು ಒಂದು ಅಂಶವನ್ನು ಮರೆಯಬಾರದು. ಶ್ರೀಮಂತರು ಉಳಿದುಕೊಂಡ ಬೀದಿಗಳಲ್ಲಿ ಹೊಸ ಅಭಿರುಚಿಗೆ ತಕ್ಕಂತೆ ಹಳೆಯ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟಿಸುವ ಹಣ ಇದ್ದಿತು. ಮಾರೆಯ ಕಸಬಿನವರಲ್ಲಿ ಆ ಹಣವಿರಲಿಲ್ಲ. ಅವರು ಕಟ್ಟಡವನ್ನು ವಿಭಾಗಿಸಿದರು, ಮಸಿ ಹಿಡಿಸಿದರು, ಮೇಲೆ ಮಾಡು ಹೊದಿಸಿದರು, ಕೆಡವಲಿಲ್ಲ. ಮುಂದೆ ಅಧಿಕಾರಿಗಳು ಯಾವುದನ್ನು ರಾಷ್ಟ್ರದ ಸಂಪತ್ತೆಂದು ಘೋಷಿಸಿದರೋ ಅದನ್ನು ನೂರೈವತ್ತು ವರ್ಷ ಕಾಲ ಬಳಸಿ ಉಳಿಸಿದವರು ಈ ಬಡಜನರು. ಸಂರಕ್ಷಣೆಯ ಇತಿಹಾಸದಲ್ಲಿ ಇವರ ಹೆಸರು ಕಂಡುಬರುವುದು ವಿರಳ.

4. ಕೆಡವುವವರು ಮತ್ತು ಕಾನೂನು

ಕಟ್ಟಡಗಳ ನಾಶಕ್ಕೆ ‘ವಾಂದಲಿಸ್ಮ್’ ಎಂಬ ಹೆಸರನ್ನು ಬಳಕೆಗೆ ತಂದವನು ಮಹಾಕ್ರಾಂತಿಯ ಕಾಲದ ಪಾದ್ರಿ ಗ್ರೆಗ್ವಾರ್, ಕಾಲ 1794. ರಾಜಶಾಹಿಯ ಮೇಲಿನ ಸಿಟ್ಟನ್ನು ಕಲ್ಲಿನ ಮೇಲೆ ತೀರಿಸಿಕೊಳ್ಳುತ್ತಿದ್ದ ಜನರನ್ನು ಉದ್ದೇಶಿಸಿ ಅವನು ಈ ಶಬ್ದವನ್ನು ಪ್ರಯೋಗಿಸಿದನು. ಆದರೆ ಕ್ರಾಂತಿ ಮುಗಿದ ಮೇಲೆಯೂ ನಾಶ ನಿಲ್ಲಲಿಲ್ಲ. ಸಿಟ್ಟಿನ ಸ್ಥಾನವನ್ನು ಲಾಭ ಆಕ್ರಮಿಸಿತು. ಯುವಕನಾಗಿದ್ದ ವಿಕ್ಟರ್ ಹ್ಯೂಗೋ ಕೆಡವುವವರ ಮೇಲೆ ಲೇಖನ ಬರೆದು ಯುದ್ಧ ಸಾರಿದನು. 1830ರಲ್ಲಿ ಇತಿಹಾಸಕಾರನೂ ಮಂತ್ರಿಯೂ ಆಗಿದ್ದ ಗಿಜೋ ಚಾರಿತ್ರಿಕ ಸ್ಮಾರಕಗಳ ಮುಖ್ಯ ಪರೀಕ್ಷಕನ ಹುದ್ದೆಯನ್ನು ಸೃಷ್ಟಿಸಿದನು. ಮೊದಲು ಲೂದೊವಿಕ್ ವಿತೆ, 1834ರಿಂದ ಕಾದಂಬರಿಕಾರ ಪ್ರಾಸ್ಪರ್ ಮೆರಿಮೆ ಆ ಹುದ್ದೆಯಲ್ಲಿದ್ದರು. 1840ರಲ್ಲಿ ಸ್ಮಾರಕಗಳ ಮೊದಲ ಪಟ್ಟಿ ಹೊರಬಿದ್ದಿತು. ಇಷ್ಟಾದರೂ ಮಧ್ಯಯುಗದ ಪ್ರಸಿದ್ಧ ಓತೆಲುಗಳಲ್ಲೊಂದಾದ ಓತೆಲ್ ದ ಲಾ ತ್ರೆಮೋಯ್ 1841ರ ಸುಮಾರಿನಲ್ಲಿ ನೆಲಕ್ಕುರುಳಿತು. ಅದರ ಕೆತ್ತನೆಯ ಕೆಲವು ತುಣುಕುಗಳು ಮಾತ್ರ ಲಲಿತಕಲಾ ಶಾಲೆಯ ಅಂಗಳವನ್ನು ಸೇರಿದವು.

1853ರಿಂದ 1870ರವರೆಗೆ ಸೇನ್ ಪ್ರಾಂತದ ಆಡಳಿತಾಧಿಕಾರಿಯಾಗಿದ್ದ ಓಸ್ಮಾನನು ಪ್ಯಾರಿಸನ್ನು ಹೊಸದಾಗಿ ಕೊರೆದನು. ರೈಲು ನಿಲ್ದಾಣಗಳನ್ನು ಕೂಡಿಸುವ ಹೆದ್ದಾರಿಗಳು, ಒಳಚರಂಡಿ, ಕುಡಿಯುವ ನೀರಿನ ಕಾಲುವೆ, ಉದ್ಯಾನಗಳು ಅವನ ಕಾಲದ ಕೊಡುಗೆ. ಹಳೆಯ ಕೇರಿಗಳ ಕೊಳಕನ್ನೂ ಕಾಲರಾ ಉಪದ್ರವವನ್ನೂ ಬಲ್ಲವರು ಅವನ ಕೆಲಸವನ್ನು ಬರಿಯ ವಿಧ್ವಂಸವೆಂದು ತಳ್ಳಿಹಾಕಲಾರರು. ರಿವೋಲಿ ಬೀದಿಯ ವಿಸ್ತರಣ ಸೇಂಟ್ ಆಂತ್ವಾನ್ ಬೀದಿಯನ್ನು ಬಂದು ಕೂಡಿದುದು ಈ ಕಾಲದಲ್ಲಿಯೇ. ಸೇಂಟ್ ಆಂತ್ವಾನ್ ಬೀದಿ ಹಿಂದಿನಿಂದಲೂ ಅಗಲವಾಗಿದ್ದುದು ಓತೆಲ್ ದ ಸುಲ್ಲಿಯ ಪುಣ್ಯ. ಇನ್ನೊಂದು ವಿಚಿತ್ರವನ್ನೂ ಇಲ್ಲಿ ಗಮನಿಸಬೇಕು. ಪತ್ರಲೇಖಕಿ ಮದಾಂ ದ ಸೆವಿನ್ಯೆ 1677ರಿಂದ 1696ರವರೆಗೆ ವಾಸಿಸಿದ್ದ ಓತೆಲ್ ಕಾರ್ನವಾಲೆಯನ್ನು 1866ರಲ್ಲಿ ಪ್ಯಾರಿಸ್ ನಗರಾಡಳಿತ ಕೊಂಡುದು ಇದೇ ಓಸ್ಮಾನನ ಪ್ರೇರಣೆಯಿಂದ. 1880ರಲ್ಲಿ ಅಲ್ಲಿ ನಗರದ ಇತಿಹಾಸದ ವಸ್ತುಸಂಗ್ರಹಾಲಯ ತೆರೆಯಿತು. ಕೆಡವಿದ ಕೈಯೇ ಕೆಡವಿದುದರ ನೆನಪನ್ನು ಕಾದಿಡಲು ಮನೆಯೊಂದನ್ನು ಉಳಿಸಿತು.

ಓತೆಲ್ ದ ಸುಲ್ಲಿ 1862ರಲ್ಲಿ ಚಾರಿತ್ರಿಕ ಸ್ಮಾರಕಗಳ ಪಟ್ಟಿಯನ್ನು ಸೇರಿತು. ವಿದ್ಯಾರ್ಥಿಗಳು ಇದನ್ನು ಓದಿದೊಡನೆ ಮನೆ ಅಂದಿಗೇ ಸುರಕ್ಷಿತವಾಯಿತೆಂದು ಭಾವಿಸಬಾರದು. ಪಟ್ಟಿಗೆ ಆಗ ಕಾನೂನಿನ ಬಲವಿರಲಿಲ್ಲ. ಅದು ಸಹಾಯಧನ ಹಂಚುವುದಕ್ಕೆ ಆಧಾರವಾಗಿದ್ದಿತೇ ಹೊರತು ಖಾಸಗಿ ಒಡೆಯನ ಕೈಯನ್ನು ಕಟ್ಟುತ್ತಿರಲಿಲ್ಲ. 1887ರ ಕಾನೂನು ಮೊದಲ ಬಾರಿಗೆ ಬಲವನ್ನು ಕೊಟ್ಟಿತು. 1913ರ ಡಿಸೆಂಬರ್ 31ರ ಕಾನೂನು, ಒಡೆಯನ ಒಪ್ಪಿಗೆಯಿಲ್ಲದಿದ್ದರೂ ಸಾರ್ವಜನಿಕ ಹಿತಕ್ಕಾಗಿ ಕಟ್ಟಡವನ್ನು ಸ್ಮಾರಕವೆಂದು ಘೋಷಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿತು. ಒಂದು ಮನೆ ಪಟ್ಟಿಯಲ್ಲಿರುವುದಕ್ಕೂ ಅದು ಉಳಿಯುವುದಕ್ಕೂ ನಡುವೆ ಅರ್ಧ ಶತಮಾನದ ಹಾದಿಯಿದ್ದಿತು.

5. ಮನೆಯಿಂದ ಕೇರಿಗೆ

ಇಪ್ಪತ್ತನೆಯ ಶತಮಾನದಲ್ಲಿ ಅಪಾಯದ ರೂಪ ಬದಲಾಯಿತು. 1925ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಅವರು ಪ್ಯಾರಿಸಿನ ಬಲದಂಡೆಯ ದೊಡ್ಡ ಭಾಗವನ್ನು ತೆರವು ಮಾಡಿ ಅಲ್ಲಿ ಶಿಲುಬೆಯಾಕಾರದ 18 ಗಗನಚುಂಬಿ ಕಟ್ಟಡಗಳನ್ನು ನಿಲ್ಲಿಸುವ ಯೋಜನೆಯನ್ನು ಪ್ರದರ್ಶಿಸಿದರು. ಮುಂದೆ ನಮ್ಮ ಚಂಡೀಗಢವನ್ನು ರೂಪಿಸಿದವರೂ ಇವರೇ. ಈ ಯೋಜನೆ ಕಾಗದದ ಮೇಲೆ ಉಳಿಯಿತಾದರೂ ಹಳೆಯ ಕೇರಿ ಎಂದರೆ ರೋಗಗ್ರಸ್ತವಾದ ಅಂಗ, ಅದನ್ನು ಕತ್ತರಿಸಿ ತೆಗೆಯಬೇಕು ಎಂಬ ಭಾವನೆ ಆ ಕಾಲದ ಅಧಿಕಾರಿವರ್ಗದಲ್ಲಿಯೂ ಬೇರೂರಿದ್ದಿತು. ಕ್ಷಯರೋಗದಿಂದ ಹೆಚ್ಚು ಜನ ಸಾಯುತ್ತಿದ್ದ ಭಾಗಗಳನ್ನು ಅನಾರೋಗ್ಯಕರ ವಿಭಾಗಗಳೆಂದು ಗುರುತಿಸಿ ಸಂಖ್ಯೆ ಕೊಟ್ಟಿದ್ದರು. ಮಾರೆಯ ದಕ್ಷಿಣದ ಅಂಚು 16ನೆಯ ವಿಭಾಗ. ಅಲ್ಲಿಯ ಸ್ವತ್ತುಗಳನ್ನು ವಶಪಡಿಸಿಕೊಂಡು ನಿವಾಸಿಗಳನ್ನು ಹೊರಡಿಸುವ ಕಾರ್ಯ ಜರ್ಮನರು ಪ್ಯಾರಿಸನ್ನು ಆಕ್ರಮಿಸಿಕೊಂಡಿದ್ದ ವರ್ಷಗಳಲ್ಲಿ ವೇಗವಾಗಿ ನಡೆಯಿತು. ಅವರಲ್ಲಿ ಅನೇಕರು ಯಹೂದ್ಯರು. 1942ರ ಜುಲೈ ತಿಂಗಳ ಸಾಮೂಹಿಕ ಬಂಧನಗಳು ನಡೆದುದೂ ಇದೇ ಕಾಲದಲ್ಲಿ. ಆರೋಗ್ಯ, ನಗರಸೌಂದರ್ಯ ಎಂಬ ಒಳ್ಳೆಯ ಮಾತುಗಳು ಎಂತಹ ಕೈಗಳಿಗೆ ಸಿಕ್ಕಬಹುದೆಂಬುದಕ್ಕೆ ಇದು ಕಟುವಾದ ಸಾಕ್ಷಿ.

ಇದೇ ವರ್ಷಗಳಲ್ಲಿ ಸಂರಕ್ಷಣೆಯ ಕಾನೂನಿನಲ್ಲಿಯೂ ಎರಡು ಹೆಜ್ಜೆಗಳು ಬಿದ್ದವೆಂಬುದು ಇತಿಹಾಸದ ವೈಚಿತ್ರ್ಯ. 1943ರ ಫೆಬ್ರುವರಿ 25ರ ಕಾನೂನು ಪ್ರತಿಯೊಂದು ಸ್ಮಾರಕದ ಸುತ್ತ 500 ಮೀಟರುಗಳ ವಲಯದಲ್ಲಿ, ಸ್ಮಾರಕದಿಂದ ಕಾಣುವ ಅಥವಾ ಸ್ಮಾರಕದೊಡನೆ ಕಾಣುವ ಕಟ್ಟಡಗಳ ಮೇಲೆ ನಿಯಂತ್ರಣವನ್ನು ವಿಧಿಸಿತು. 1944ರಲ್ಲಿ ಫ್ರೆಂಚ್ ಸರ್ಕಾರ ಓತೆಲ್ ದ ಸುಲ್ಲಿಯನ್ನು ಕೊಂಡಿತು. ಅದರ ಜೀರ್ಣೋದ್ಧಾರ ಯುದ್ಧಾನಂತರ ಆರಂಭವಾಗಿ 1970ರ ದಶಕದವರೆಗೂ ನಡೆಯಿತು. 1967ರಿಂದ ರಾಷ್ಟ್ರೀಯ ಸ್ಮಾರಕಗಳ ಆಡಳಿತ ಸಂಸ್ಥೆಯ ಕಚೇರಿ ಅಲ್ಲಿ ನೆಲೆಸಿತು. ಕಾಪಾಡಲ್ಪಟ್ಟ ಮನೆಯೇ ಕಾಪಾಡುವವರ ಮನೆಯಾಯಿತು.

ಆದರೆ ಮನೆಯೊಂದನ್ನು ಕೊಂಡು ಉಳಿಸಿದರೆ ಸಾಲದೆಂಬ ತಿಳಿವಳಿಕೆ ಬಂದುದು 1950ರ ದಶಕದಲ್ಲಿ. ಲಿಯೋನ್ ನಗರದಲ್ಲಿ ಮೇಯರ್ ಲೂಯಿ ಪ್ರದೆಲ್ ಅವರು ಹಳೆಯ ಕೇರಿಯನ್ನು ಸೀಳಿ ಮೋಟಾರು ರಸ್ತೆಯನ್ನು ಹಾಯಿಸಲು ಉದ್ದೇಶಿಸಿದಾಗ ನಾಗರಿಕರು 1946ರಲ್ಲಿ ಸ್ಥಾಪಿಸಿದ್ದ ಸಂಘವೊಂದು ಅದನ್ನು ವಿರೋಧಿಸಿತು. ಈ ಹಿನ್ನೆಲೆಯಲ್ಲಿ ಸಾಂಸ್ಕೃತಿಕ ವ್ಯವಹಾರಗಳ ಮಂತ್ರಿ ಆಂದ್ರೆ ಮಾಲ್ರೋ ಅವರು ಮಂಡಿಸಿದ ಮಸೂದೆ 1962ರ ಆಗಸ್ಟ್ 4ರಂದು ಕಾನೂನಾಯಿತು. ನೆರೆಹೊರೆಯಿಲ್ಲದ ಮೇರುಕೃತಿ ಜೀವವಿಲ್ಲದ ಮೇರುಕೃತಿಯಾಗುತ್ತದೆ ಎಂಬುದು ಅವರ ವಾದದ ಸಾರ. ಸಾಧಾರಣ ಮನೆಗಳನ್ನೂ ಒಳಗೊಂಡ ಇಡೀ ಕೇರಿಯನ್ನು ಸಂರಕ್ಷಿತ ವಲಯವೆಂದು ಘೋಷಿಸಿ, ಅದಕ್ಕೊಂದು ಯೋಜನೆಯನ್ನು ಸಿದ್ಧಪಡಿಸಿ, ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬಹುದು ಎಂದು ಮನೆಮನೆಗೂ ನಿರ್ಣಯಿಸುವ ಅಧಿಕಾರ ಹೀಗೆ ಸರ್ಕಾರಕ್ಕೆ ಲಭಿಸಿತು. 1964ರಲ್ಲಿ ಮೊದಲು ಹಳೆಯ ಲಿಯೋನ್, ಅನಂತರ ಸುಮಾರು 126 ಹೆಕ್ಟೇರುಗಳ ಮಾರೆ ಈ ವಲಯಗಳ ಪಟ್ಟಿಗೆ ಬಂದವು.

6. ಯಾವ ಕಾಲಕ್ಕೆ ಮರಳಿಸಬೇಕು?

ಜೀರ್ಣೋದ್ಧಾರ ಎಂದೊಡನೆ ಒಂದು ಕಠಿಣ ಸಮಸ್ಯೆ ಎದುರಾಗುತ್ತದೆ. ನಾಲ್ಕು ಶತಮಾನ ಬಾಳಿದ ಮನೆಯನ್ನು ಅದರ ಬಾಳಿನ ಯಾವ ವರ್ಷಕ್ಕೆ ಮರಳಿಸಬೇಕು? ಓತೆಲ್ ದ ಸುಲ್ಲಿಯಲ್ಲಿ ಅಧಿಕಾರಿಗಳು ಹದಿನೇಳನೆಯ ಶತಮಾನವನ್ನು ಆರಿಸಿಕೊಂಡರು. ಬೀದಿಯ ಕಡೆಯ ಸೇರ್ಪಡೆಗಳನ್ನು ತೆಗೆದುಹಾಕಿದರು. ಹೆಬ್ಬಾಗಿಲಿನ ಮೇಲಣ ತೆರವನ್ನು ಮತ್ತೆ ತೆರೆದರು. ತೋಟವನ್ನು ಮೊದಲಿನ ಕ್ರಮಕ್ಕೆ ತಂದರು. ಇಂದು ನೋಡುವವರಿಗೆ ಮನೆ ಏಕಕಾಲದ, ಏಕಮನಸ್ಸಿನ ಸೃಷ್ಟಿಯಂತೆ ಕಾಣುತ್ತದೆ. ಆ ಸೌಂದರ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಂಗಡಿಗಾರನ, ಕಸಬಿನವನ, ಬಾಡಿಗೆದಾರನ ಒಂದೂವರೆ ಶತಮಾನ ಅಲ್ಲಿ ಗುರುತಿಲ್ಲದೆ ಅಳಿದಿದೆ.

ಇದಕ್ಕಿಂತ ತೀವ್ರವಾದ ಉದಾಹರಣೆ ಸಮೀಪದಲ್ಲಿಯೇ ಇದೆ. ಓತೆಲ್ ದ ಸಾನ್ಸ್ 1475ರಿಂದ ಆರಂಭವಾಗಿ ಕಟ್ಟಲ್ಪಟ್ಟ ಆರ್ಚ್‌ಬಿಷಪರ ಮನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಹಣ್ಣಿನ ಜಾಮು ತಯಾರಿಸುವ ಕಾರ್ಖಾನೆಯೊಂದು ನಡೆಯುತ್ತಿದ್ದಿತು. 1830ರ ಜುಲೈ ಕ್ರಾಂತಿಯ ದಿನಗಳಲ್ಲಿ ಹಾರಿಬಂದ ಫಿರಂಗಿಯ ಗುಂಡೊಂದು ಅದರ ಗೋಡೆಯಲ್ಲಿ ಇಂದಿಗೂ ನಾಟಿಕೊಂಡಿದೆ. 1911ರಲ್ಲಿ ನಗರಾಡಳಿತ ಅದನ್ನು ಕೊಂಡಿತು. 1929ರಲ್ಲಿ ಆರಂಭವಾದ ಜೀರ್ಣೋದ್ಧಾರ ದಶಕಗಳ ಕಾಲ ನಡೆದು, 1961ರಲ್ಲಿ ಫೋರ್ನೇ ಗ್ರಂಥಾಲಯ ಅಲ್ಲಿಗೆ ಬಂದಿತು. ಇಲ್ಲಿ ನಡೆದುದು ಜೀರ್ಣೋದ್ಧಾರಕ್ಕಿಂತ ಹೆಚ್ಚಾಗಿ ಪುನರ್ನಿರ್ಮಾಣವೆಂಬ ಟೀಕೆ ಉಂಟು. ಫಿರಂಗಿಯ ಗುಂಡನ್ನು ಚರಿತ್ರೆಯೆಂದು ಉಳಿಸಿಕೊಂಡು ಜಾಮಿನ ಕಾರ್ಖಾನೆಯನ್ನು ಕಳಂಕವೆಂದು ಅಳಿಸುವ ವಿವೇಚನೆಗೆ ಆಧಾರವೇನೆಂದು ಕೇಳುವ ಹಕ್ಕು ಇತಿಹಾಸದ ವಿದ್ಯಾರ್ಥಿಗೆ ಇದ್ದೇ ಇದೆ.

7. ಉಳಿದ ಮನೆಗಳು, ಹೋದ ಜನರು

ಮಾರೆಯ ಸಂರಕ್ಷಣಾಯೋಜನೆಯ ಮೊದಲ ರೂಪದಲ್ಲಿ ಅಂಗಳಗಳನ್ನು ತೆರವುಗೊಳಿಸುವುದು ಒಂದು ಮುಖ್ಯ ಕಾರ್ಯವಾಗಿದ್ದಿತು. ಗಾಜಿನ ಮಾಡಿನ ಕಮ್ಮಟಗಳನ್ನು ಪರೋಪಜೀವಿ ಕಟ್ಟಡಗಳೆಂದು ಕರೆದು ತೆಗೆಯಲಾರಂಭಿಸಿದರು. ಕಮ್ಮಟದೊಡನೆ ಕಸಬು ಹೋಯಿತು. ಕಸಬಿನೊಡನೆ ಕಸಬಿನವನೂ ಹೋದನು. ಶುಚಿಯಾದ ಮನೆಗಳ ಬಾಡಿಗೆ ಏರಿತು. ಮಾರೆಯು ಬಹುಮಟ್ಟಿಗೆ ಪ್ಯಾರಿಸಿನ 3ನೆಯ ಮತ್ತು 4ನೆಯ ವಿಭಾಗಗಳಲ್ಲಿ ಹರಡಿದೆ. 1962ರಿಂದ 1999ರವರೆಗೆ ಈ ಎರಡು ವಿಭಾಗಗಳ ಜನಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಇದಕ್ಕೆ ಸಂರಕ್ಷಣೆಯೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಕಿಕ್ಕಿರಿದ ಕೋಣೆಗಳನ್ನು ಬಿಟ್ಟು ಹೊರ ಬಡಾವಣೆಗಳಿಗೆ ತಾವಾಗಿಯೇ ಹೋದವರೂ ಇದ್ದರು; ನೀರಿನ ಕೊಳಾಯಿಯೂ ಶೌಚದ ಅನುಕೂಲವೂ ಇಲ್ಲದ ಬದುಕನ್ನು ದೂರದಿಂದ ನೋಡಿ ಸುಂದರವೆನ್ನುವುದು ಸುಲಭ. ಆದರೂ ಹಳೆಯ ನಿವಾಸಿಗಳ ಸ್ಥಾನದಲ್ಲಿ ಹಣವಂತರು ಬಂದು ನೆಲೆಸಿದರೆಂಬುದು ನಿಸ್ಸಂದೇಹ. ಓತೆಲುಗಳು ಒಂದೊಂದಾಗಿ ವಸ್ತುಸಂಗ್ರಹಾಲಯಗಳೂ ಗ್ರಂಥಾಲಯಗಳೂ ಆದವು. ಉಪ್ಪಿನ ತೆರಿಗೆಯ ಗುತ್ತಿಗೆದಾರನೊಬ್ಬನು 1650ರ ದಶಕದಲ್ಲಿ ಕಟ್ಟಿಸಿದ ಓತೆಲ್ ಸಾಲೆಯನ್ನು 1964ರಲ್ಲಿ ನಗರಾಡಳಿತ ಕೊಂಡಿತು. 1985ರಲ್ಲಿ ಅದು ಪಿಕಾಸೋ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಫ್ರೆಂಚರು ತಮ್ಮ ಮೊದಲ ನಿರ್ಣಯಕ್ಕೆ ಅಂಟಿಕೊಂಡು ಕುಳಿತುಕೊಳ್ಳಲಿಲ್ಲವೆಂಬುದನ್ನೂ ಹೇಳಬೇಕು. ಮಾರೆಯ ಯೋಜನೆ ಅಂತಿಮವಾಗಿ ಅಂಗೀಕಾರವಾದುದು 1996ರಲ್ಲಿ. 2013ರಲ್ಲಿ ಅದನ್ನು ಪರಿಷ್ಕರಿಸಿದಾಗ ಹತ್ತೊಂಬತ್ತನೆಯ ಶತಮಾನದ ಕಮ್ಮಟಗಳಿಗೂ ಚಾರಿತ್ರಿಕ ಬೆಲೆಯುಂಟೆಂದು ಒಪ್ಪಿದರು. ಹಿಂದೆ ಕಳಂಕವಾಗಿದ್ದುದು ಅರ್ಧ ಶತಮಾನದಲ್ಲಿ ಪಿತ್ರಾರ್ಜಿತವಾಯಿತು. 2016ರ ಕಾನೂನು ಸಂರಕ್ಷಿತ ವಲಯಗಳನ್ನು ವಿಶಿಷ್ಟ ಪರಂಪರೆಯ ತಾಣಗಳೆಂಬ ಹೊಸ ಹೆಸರಿನ ಕೆಳಗೆ ತಂದಿತು.

ಖಾಸಗಿ ಸ್ವತ್ತಿನ ಸಮಸ್ಯೆಯಾದರೋ ಇನ್ನೂ ಮುಗಿದಿಲ್ಲ. ಸೇಂಟ್ ಲೂಯಿ ದ್ವೀಪದಲ್ಲಿರುವ, ಲೂಯಿ ಲ ವೋ ರಚಿಸಿದ ಓತೆಲ್ ಲಾಂಬೇರ್ 2007ರಲ್ಲಿ ಕತಾರಿನ ರಾಜಕುಟುಂಬದವರ ಕೈಸೇರಿತು. ಮೋಟಾರುಗಳನ್ನು ನೆಲದಡಿಗೆ ಇಳಿಸುವ ಯಂತ್ರ ಮೊದಲಾದ ಹೊಸ ಸೌಕರ್ಯಗಳ ಯೋಜನೆಯನ್ನು ಸಂರಕ್ಷಣಾಸಕ್ತರು ನ್ಯಾಯಾಲಯಕ್ಕೆ ಎಳೆದರು. 2009ರಲ್ಲಿ ಕೆಲಸಕ್ಕೆ ತಡೆಯಾಯಿತು. 2010ರಲ್ಲಿ ರಾಜಿಯಾಗಿ ಯೋಜನೆ ಬದಲಾಯಿತು. ಕಾಮಗಾರಿ ನಡೆಯುತ್ತಿದ್ದಾಗಲೇ 2013ರ ಜುಲೈ 10ರಂದು ಬೆಂಕಿ ಬಿದ್ದು, ಹದಿನೇಳನೆಯ ಶತಮಾನದ ಚಿತ್ರಕಾರ ಲ ಸ್ಯುವರ್ ಅಲಂಕರಿಸಿದ್ದ ಸ್ನಾನದ ಕೋಣೆ ನಾಶವಾಯಿತು. ಕಾನೂನು, ಹಣ, ತಜ್ಞರು ಎಲ್ಲವೂ ಇದ್ದರೂ ಒಂದೇ ರಾತ್ರಿ ಸಾಕಾಯಿತು.

8. ಉಪಸಂಹಾರ

ಮೇಲಿನ ವಿಚಾರಗಳಿಂದ ಕೆಲವು ತೀರ್ಮಾನಗಳು ಹೊರಡುತ್ತವೆ. ಓತೆಲ್ ದ ಸುಲ್ಲಿ ಉಳಿದುದು ಯಾವುದೋ ಒಂದು ಕಾನೂನಿನಿಂದಲ್ಲ. ಮೊದಲು ಫ್ಯಾಷನ್ ಅದನ್ನು ಬಿಟ್ಟುಹೋಯಿತು. ಬಡತನ ಅದನ್ನು ಬಳಸಿಕೊಂಡಿತು. ಬೀದಿಯ ಅಗಲ ಅದನ್ನು ರಕ್ಷಿಸಿತು. ಪಟ್ಟಿ ಅದರ ಹೆಸರನ್ನು ನೆನಪಿಟ್ಟಿತು. ಕೊನೆಗೆ ರಾಜ್ಯ ಅದನ್ನು ಕೊಂಡು ಕೆಲಸಕ್ಕೆ ಹಚ್ಚಿತು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದರೂ ಮನೆ ಇಂದು ಇರುತ್ತಿರಲಿಲ್ಲ. ಎರಡನೆಯದಾಗಿ, ಪ್ರತಿಯೊಂದು ಹಂತದಲ್ಲಿಯೂ ಮನೆಗೆ ಏನಾದರೊಂದು ಉಪಯೋಗ ಇದ್ದೇ ಇದ್ದಿತು. ಬರಿದಾದ ಮನೆಯನ್ನು ಕಾನೂನು ಬಹುಕಾಲ ಎತ್ತಿ ಹಿಡಿಯಲಾರದು. ಮೂರನೆಯದಾಗಿ, ಉಳಿಸುವುದೆಂದರೆ ಆರಿಸುವುದೂ ಹೌದು. ಯಾರ ಕಾಲವನ್ನು ಆರಿಸಿದೆವು, ಯಾರ ಬಾಳನ್ನು ಬಿಟ್ಟೆವು ಎಂಬುದನ್ನು ಆರಿಸುವ ದಿನವೇ ಬರೆದಿಡುವುದು ಪ್ರಾಮಾಣಿಕತೆ.

ನಮ್ಮ ದೇಶದಲ್ಲಿ 1958ರ ಪ್ರಾಚೀನ ಸ್ಮಾರಕಗಳ ಕಾನೂನು ಕನಿಷ್ಠ ನೂರು ವರ್ಷ ಹಳೆಯದಾದ ಕಟ್ಟಡಗಳನ್ನು ಲಕ್ಷ್ಯಕ್ಕೆ ತೆಗೆದುಕೊಳ್ಳುತ್ತದೆ. 2010ರ ತಿದ್ದುಪಡಿಯ ಮೇರೆಗೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷಿದ್ಧ ವಲಯ, ಅದರಾಚೆಗೆ 200 ಮೀಟರು ನಿಯಂತ್ರಿತ ವಲಯ. ಇದು ಮುಖ್ಯವಾಗಿ ಸ್ಮಾರಕವನ್ನು ಕಾಯುವ ವ್ಯವಸ್ಥೆ. ಜನರು ಬಾಳುತ್ತಿರುವ ಹಳೆಯ ಕೇರಿಯನ್ನು ಬಾಳುತ್ತಿರುವಂತೆಯೇ ಕಾಯುವುದು ಬೇರೆಯ ವಿದ್ಯೆ. ಫ್ರೆಂಚರು ಅದನ್ನು ಕಲಿಯಲು 1840ರಿಂದ 1962ರವರೆಗೆ ಕಾಯಬೇಕಾಯಿತು. ಕಲಿತ ಮೇಲೆಯೂ ಕಮ್ಮಟದವನನ್ನು ಕಳೆದುಕೊಂಡರು. ಅವರ ಕಾನೂನನ್ನು ಮೆಚ್ಚುವವರು ಅವರು ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಮ್ಮ ವಿದ್ಯಾರ್ಥಿಗಳಿಗೆ ಒಂದು ಸೂಚನೆಯೊಡನೆ ಈ ಲೇಖನವನ್ನು ಮುಗಿಸುತ್ತೇವೆ. ನಿಮ್ಮ ಊರಿನಲ್ಲಿ ಒಂದು ಹಳೆಯ ಮನೆಯನ್ನು ಕಂಡಾಗ ಅದನ್ನು ಕಟ್ಟಿಸಿದವನು ಯಾರೆಂದು ಮಾತ್ರ ಕೇಳಿ ತೃಪ್ತರಾಗಬೇಡಿರಿ. ಅನಂತರ ಅಲ್ಲಿ ಯಾರು ಬಾಡಿಗೆಗಿದ್ದರು, ಜಗಲಿಯಲ್ಲಿ ಯಾವ ಅಂಗಡಿಯಿದ್ದಿತು, ಹಿತ್ತಲಲ್ಲಿ ಯಾವ ಕಸಬು ನಡೆಯುತ್ತಿದ್ದಿತು ಎಂಬುದನ್ನೂ ವಿಚಾರಿಸಿ ಬರೆದಿಡಿರಿ. ಮನೆ ಉಳಿದರೆ ಆ ಬರಹ ಜೀರ್ಣೋದ್ಧಾರ ಮಾಡುವವರ ಕೈಯನ್ನು ತಿದ್ದುತ್ತದೆ. ಉಳಿಯದಿದ್ದರೆ ಆ ಮನೆಯಲ್ಲಿ ಬಾಳಿದವರಿಗೆ ಉಳಿಯುವ ದಾಖಲೆ ಅದೊಂದೇ.